ಹುಳುಮನೆಯಲ್ಲಿ ಒಂಬತ್ತು ತಲೆ

ನನ್ನ ಮದುವೆಗೆ ಗಂಡಿನ ಕಡೆಯವರು ಅಡ್ಡ ಬರಲಿಲ್ಲ, ಒಡವೆ ಅಡ್ಡ ಬರಲಿಲ್ಲ, ಜಾತಕವಂತೂ ಹಾಲಿಗೆ ಸಕ್ಕರೆ ಬೆರೆತ ಹಾಗೆ ಕೂಡಿತ್ತು. ಅಡ್ಡ ಬಂದದ್ದು ಬಿಸಿಲು. ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ ಬಿಡಿ, ಆಗ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಅದು ಎರಡು ಸಾವಿರದ ಮೂರನೇ ಇಸವಿ. ಸಾತನೂರಿನಿಂದ ನಾಲ್ಕು ಮೈಲಿ ಒಳಕ್ಕೆ ನಮ್ಮೂರು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಆ ವರ್ಷ ಚಳಿಯ ಬೆನ್ನಿಗೇ ಊರಿನ ಮುದುಕರೂ ಹೊರಟುಬಿಟ್ಟರು. ಬಸ್ಸಿನ ಕಂಬಿ ಹಿಡಿದರೆ ಅಂಗೈ ಚುರ್ ಅನ್ನುತ್ತಿತ್ತು. ರಸ್ತೆಯ ಟಾರು ಕರಗಿ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು. ಮಧ್ಯಾಹ್ನ ಜಗಲಿಯ ಮೇಲೆ ಒರಗಿದವರು ಸಂಜೆ ಕಾಫಿಗೆ ಏಳುತ್ತಿರಲಿಲ್ಲ. ಸುತ್ತಿನ ಊರುಗಳಲ್ಲಿ ಅಡುಗೆಭಟ್ಟರಿಗೆ ಮದುವೆಗಿಂತ ತಿಥಿಗಳೇ ಹೆಚ್ಚು ಸಿಕ್ಕವು, ಭಟ್ಟರಿಗೆ ಮುಂಗಡ ಕೊಡದೆ ಸಾಯುವ ಹಾಗೂ ಇಲ್ಲ ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ನನ್ನ ಮದುವೆ ಮೊದಲು ಗೊತ್ತಾಗಿದ್ದು ಮಾರ್ಚ್ ಕೊನೆಗೆ. ಲಗ್ನಪತ್ರಿಕೆ ಹಂಚಿ ಆಗಿತ್ತು. ಮೂರು ದಿನ ಇದೆ ಅನ್ನುವಾಗ ನಮ್ಮ ದಾಯಾದಿ ಮುನಿರಾಮಯ್ಯ ತಾತ ಎಮ್ಮೆ ಹೊಡೆದುಕೊಂಡು ಹೋದರು. ಎಮ್ಮೆ ಹೊತ್ತಿಗೆ ಸರಿಯಾಗಿ ಮನೆಗೆ ಬಂತು, ತಾತ ಬರಲಿಲ್ಲ. ದಾಯಾದಿ ಸತ್ತರೆ ಹನ್ನೊಂದು ದಿನ ಸೂತಕ. ಸೂತಕದಲ್ಲಿ ದೇವರ ದೀಪವನ್ನೇ ಹಚ್ಚುವುದಿಲ್ಲ, ಇನ್ನು ಮದುವೆಯೆಲ್ಲಿ ಬಂತು? ಮುಂದಕ್ಕೆ ಹಾಕಿದರು. ಏಪ್ರಿಲ್ ಕೊನೆಗೆ ಇನ್ನೊಂದು ಮುಹೂರ್ತ ಸಿಕ್ಕಿತು. ಐದು ದಿನ ಇದೆ ಅನ್ನುವಾಗ ಆಚೆಮನೆಯ ದೊಡ್ಡಲಕ್ಷ್ಮಮ್ಮಜ್ಜಿ, ಮೊಮ್ಮಗನಿಗೆ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿದೆ ನೋಡಿಕೊಂಡು ಬರ್ತೀನಿ ಅಂತ ಉರಿಬಿಸಿಲಲ್ಲಿ ಬಸ್ಸಿಗೆ ಕಾಯುತ್ತಾ ಕೂತವರು ಕೂತ ಹಾಗೇ ಹೋದರು. ಮತ್ತೆ ಹನ್ನೊಂದು ದಿನ.

ಗಂಡು ಜಯಕುಮಾರ್ ಮಾಗಡಿ ಕಡೆಯ ಕಲ್ಯದವರು. ಅದೇ ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪಿನ ಫ್ಯಾಕ್ಟರಿಯಲ್ಲಿ ಮೆಷಿನ್ ನಡೆಸುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನಾನು ಕಾಫಿ ಲೋಟ ಅವರ ಸೋದರಮಾವನ ಪಂಚೆಯ ಮೇಲೆ ಚೆಲ್ಲಿದೆ. ಎಲ್ಲರೂ ಮುಖ ಗಂಟು ಹಾಕಿಕೊಂಡರೆ ಜಯಕುಮಾರ್ ಒಬ್ಬರೇ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಅವರೇ ಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಈಗ ಆ ಪಂಚೆಯ ಸೋದರಮಾವ ಬಂದು, ಮೇ ಇಪ್ಪತ್ತೆಂಟಕ್ಕೆ ಕಡೆಯ ಮುಹೂರ್ತ, ಮೂರನೇ ಸಲವೂ ತಪ್ಪಿದರೆ ದೇವರಿಗೇ ಇಷ್ಟವಿಲ್ಲ ಅಂತ ಲೆಕ್ಕ, ಆಮೇಲೆ ನಿಮ್ಮ ದಾರಿ ನಿಮಗೆ ನಮ್ಮ ದಾರಿ ನಮಗೆ ಎಂದು ಹೇಳಿ ಎದ್ದರು. ಕುದೂರಿನಲ್ಲಿ ಅವರು ಇನ್ನೊಂದು ಹೆಣ್ಣನ್ನು ನೋಡಿ ಇಟ್ಟಿದ್ದಾರೆ ಎಂಬ ಸುದ್ದಿಯೂ ಹಿಂದೆಯೇ ಬಂತು.

ಅಮ್ಮ ಅತ್ತಳು. ಅಪ್ಪ ಹಣೆಬರಹ ಅಂದರು. ನನಗೆ ಮೈಯೆಲ್ಲ ಉರಿಯಿತು. ಹಣೆಬರಹವಂತೆ! ಒಂದು ಕಾಗದ ತೆಗೆದುಕೊಂಡು ನಮ್ಮ ಏಳು ಮನೆ ದಾಯಾದಿಗಳಲ್ಲಿ ಎಪ್ಪತ್ತು ದಾಟಿದವರ ಹೆಸರು ಬರೆದೆ. ಒಂಬತ್ತು ತಲೆ. ಈ ಒಂಬತ್ತು ತಲೆ ಇಪ್ಪತ್ಮೂರು ದಿನ ಉಸಿರಾಡಿದರೆ ನನ್ನ ಮದುವೆ, ಒಂದು ನಿಂತರೂ ಕುದೂರಿನವಳ ಮದುವೆ. ಲೆಕ್ಕ ಅಷ್ಟೇ.

ಒಂಬತ್ತು ಜನರನ್ನು ತಂಪಾಗಿ ಇಡುವುದು ಎಲ್ಲಿ? ನನ್ನ ತಲೆಗೆ ಹೊಳೆದದ್ದು ಹುಳುಮನೆ. ನಾನು ಹತ್ತನೇ ಕ್ಲಾಸು ಮುಗಿಸಿದಾಗಿನಿಂದ ರೇಷ್ಮೆ ಹುಳು ಸಾಕಿದವಳು. ಆ ಸಲ ಎಷ್ಟು ಒದ್ದಾಡಿದರೂ ಬೆಳೆ ಉಳಿಯಲಿಲ್ಲ. ಕಡೆಯ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಗೂಡಿಗೆ ಬರಬೇಕು ಅನ್ನುವಾಗ ಹುಳು ಕಪ್ಪಾಗಿ ಸತ್ತವು, ಬುಟ್ಟಿಗಟ್ಟಲೆ ಬಾಚಿ ಗುಂಡಿಗೆ ಹಾಕಿದ್ದೆ. ಹುಳುಮನೆ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಹೆಂಚಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಬಲೆ, ಸುತ್ತಲೂ ಇಳಿಬಿಡಲು ಗೋಣಿತಾಟು. ಗೋಣಿಗೆ ಹೊತ್ತು ಹೊತ್ತಿಗೆ ನೀರು ಹಾಕುತ್ತಿದ್ದರೆ ಹೊರಗೆ ಎಷ್ಟೇ ಉರಿಯಲಿ, ಒಳಗೆ ಹತ್ತು ಡಿಗ್ರಿ ಕಡಿಮೆ. ರೇಷ್ಮೆ ಇಲಾಖೆಯವರು ಕೊಟ್ಟ ಉಷ್ಣಮಾಪಕ ಗೋಡೆಯ ಮೇಲೇ ಇತ್ತು. ಹುಳ ಮಲಗುವ ಕಡೆ ಮುದುಕರು ಮಲಗಿದರೆ ಏನಾಗುತ್ತದೆ? ಹುಳಕ್ಕಿಂತ ಮುದುಕರು ಗಟ್ಟಿ.

ಒಪ್ಪಿಸಲು ಎರಡು ದಿನ ಹಿಡಿಯಿತು. ನಮ್ಮಪ್ಪನ ಅವ್ವ ಮಾಯಮ್ಮಜ್ಜಿಗೆ ಎಂಬತ್ಮೂರು, ಒಂಬತ್ತು ಜನರಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ನನ್ನ ಮಾತು ಕೇಳಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಹಿಪ್ಪುನೇರಳೆ ಸೊಪ್ಪು ಹಾಕಬೇಡ ಅಷ್ಟೇ ಎಂದು ಚಾಪೆ ಸುತ್ತಿಕೊಂಡು ಮೊದಲು ಹೊರಟಳು. ಕಷ್ಟ ಕೊಟ್ಟವರು ರಾಮಲಿಂಗಯ್ಯ ತಾತ. ಎಪ್ಪತ್ತೊಂಬತ್ತರ ಮನುಷ್ಯ, ಊರ ಪಂಚಾಯ್ತಿಕಟ್ಟೆಯಲ್ಲಿ ನ್ಯಾಯ ಹೇಳಿದವರು. ತಾವು ಸಾಯುವುದು ಬಿಡುವುದು ಹೆಣ್ಣುಮಗಳ ಅಪ್ಪಣೆಯಲ್ಲಿಲ್ಲ ಎಂದು ಕೂಗಾಡಿದರು. ಹುಳುಮನೆಗೆ ರೇಡಿಯೋ ಕೊಡಿಸುತ್ತೇನೆ ಎಂದ ಮೇಲೆ ಬಂದರು.

ಅಯ್ಯೋ, ಆಮೇಲಿನ ಇಪ್ಪತ್ತೊಂದು ದಿನ! ನಗಲು ಹೊಟ್ಟೆ ಸಾಲದು. ಹುಳುಮನೆಯ ಶಿಸ್ತು ಎಂದರೆ ಶಿಸ್ತು. ಒಳಗೆ ಬರುವ ಮುಂಚೆ ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಯಬೇಕು. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ. ಹುಳಕ್ಕೆ ಸೊಪ್ಪು ಕೊಡುತ್ತಿದ್ದ ಹೊತ್ತಿಗೇ ಇವರಿಗೂ ಮೇವು: ಬೆಳಿಗ್ಗೆ ರಾಗಿ ಅಂಬಲಿ, ಹತ್ತಕ್ಕೆ ಮಜ್ಜಿಗೆ, ಒಂದಕ್ಕೆ ಮುದ್ದೆ, ಮೂರಕ್ಕೆ ಸೌತೆಕಾಯಿ, ಐದಕ್ಕೆ ನಿಂಬೆಹಣ್ಣಿನ ಪಾನಕ. ಬೇಡ ಅಂದರೆ ನಾನು ಬಿಡುತ್ತಿರಲಿಲ್ಲ. ನಿಂತು ಕುಡಿಸುತ್ತಿದ್ದೆ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋದಿರಾ ಎಂದು ಹಾಜರಿ ತೆಗೆದುಕೊಳ್ಳುತ್ತಿದ್ದೆ, ಹೋಗದವರಿಗೆ ಇನ್ನೊಂದು ಲೋಟ. ರಾಮಲಿಂಗಯ್ಯ ತಾತ ಸುಳ್ಳು ಹೇಳುತ್ತಾರೆಂದು ತಿಳಿದ ಮೇಲೆ ಅವರ ಹಿಂದೆಯೇ ಹಿತ್ತಲವರೆಗೆ ಹೋಗಿ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಹುಣಸೆಮರದ ಜಗಳದಲ್ಲಿ ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಮುದುಕರಿಗೆ ಅಕ್ಕಪಕ್ಕ ಚಾಪೆ ಸಿಕ್ಕಿತು. ನಾಲ್ಕು ದಿನ ಗೋಡೆ ನೋಡಿಕೊಂಡು ಮಲಗಿದರು. ಐದನೇ ದಿನ ಚೌಕಾಬಾರ ಆಡಿ ಮೋಸಕ್ಕೆ ಬೈದಾಡಿಕೊಂಡರು, ಅಲ್ಲಿಗೆ ಮಾತು ಶುರುವಾಯಿತು. ಅಜ್ಜಿಯರು ಹಳೆಯ ಸೋಬಾನೆ ಪದಗಳನ್ನು ತೆಗೆದರು, ಒಂದೊಂದು ಎಂಥ ಪೋಲಿ ಪದವೆಂದರೆ ನಾನೇ ಕಿವಿ ಮುಚ್ಚಿಕೊಂಡೆ. ಊರ ಜನ ಸಂಜೆಯಾದರೆ ನೋಡಲು ಬರತೊಡಗಿದರು. ಒಬ್ಬಳು ತನ್ನ ಅತ್ತೆಯನ್ನೂ ಸೇರಿಸಿಕೊಳ್ಳಿ ಎಂದು ಕೇಳಿದಳು. ಅವರು ನಮ್ಮ ದಾಯಾದಿಗಳಲ್ಲ, ಜಾಗ ಇಲ್ಲ ಅಂದೆ. ಜಾಗ ಇತ್ತು.

ಜಯಕುಮಾರ್ ಒಂದು ಭಾನುವಾರ ಬಂದರು. ಫ್ಯಾಕ್ಟರಿಯಲ್ಲಿ ಮೂಲೆಗೆ ಎಸೆದಿದ್ದ ದೊಡ್ಡ ಎಕ್ಸಾಸ್ಟ್ ಫ್ಯಾನನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ತಂದಿದ್ದರು. ಅವರು ಬಂದ ಗಳಿಗೆಯಲ್ಲೇ ರಾಮಲಿಂಗಯ್ಯ ತಾತ ಬೀಡಿ ಸೇದಲು ಹುಣಸೆಮರದ ಕಡೆಗೆ ಪರಾರಿಯಾಗಿದ್ದರು, ನಾನು ಸೀರೆ ಎತ್ತಿ ಕಟ್ಟಿ ಒದ್ದೆ ಗೋಣಿ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಸ್ಕೂಟರು ನಿಲ್ಲಿಸಿ ಅವರು ನಕ್ಕ ನಗುವಿಗೆ ಫ್ಯಾನು ಉರುಳಿಬಿತ್ತು. ಇಂಥವರನ್ನು ಕುದೂರಿನವಳಿಗೆ ಬಿಟ್ಟುಕೊಡುವುದುಂಟೇ?

ಹುಳುಮನೆಯ ಹಳೆಯ ಆಳು ವರಲಕ್ಷ್ಮಮ್ಮ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯಲ್ಲಿ ಸೊಪ್ಪು ಬಿಡಿಸಿದವಳು, ಗೋಣಿ ನೆನೆಸುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಒಂದು ಕೊಡ ನೀರಿನಲ್ಲಿ ಒಂದು ಗೋಡೆ ಮುಗಿಸುತ್ತಿದ್ದಳು. ಅವಳ ಮಗ ಮುನೇಶನೂ ಹಾರೋಹಳ್ಳಿಗೆ ಕೆಲಸಕ್ಕೆ ಹೋಗುತ್ತಿದ್ದ, ಇನ್ನು ನೀನು ಕೂಲಿಗೆ ಹೋಗಬೇಡ ಎಂದು ಅವಳಿಗೆ ಹೇಳುತ್ತಲೇ ಇದ್ದ. ಆದರೂ ನನ್ನ ಮದುವೆ ಕಣ್ಣಾರೆ ನೋಡಬೇಕು ಅಂತ ಬರುತ್ತಿದ್ದಳು. ಮೊದಲ ದಿನ ಅವಳು ಎಂದಿನಂತೆ ಒಳಗೆ ಬಂದು ಗೋಣಿಯ ಒಳಮೈ ನೆನೆಸಿದಳು. ರಾಮಲಿಂಗಯ್ಯ ತಾತ ಎದ್ದು ಕೂತು, ನಾವು ಉಣ್ಣುವ ಕಡೆ ಅವಳು ಓಡಾಡಿದರೆ ನಾನು ಮನೆಗೆ ಹೋಗುತ್ತೇನೆ ಅಂದರು. ಹುಳು ಇದ್ದಾಗ ದಿನಕ್ಕೆ ಹತ್ತು ಸಲ ಒಳಗೆ ಬಂದವಳು ಎಂದು ಮಾಯಮ್ಮಜ್ಜಿ ಬೈದಳು. ತಾತ ಜಗ್ಗಲಿಲ್ಲ. ಒಂದು ತಲೆ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಸರಿ, ವರಲಕ್ಷ್ಮಮ್ಮ ಹೊರಗಡೆಯಿಂದಲೇ ನೆನೆಸಲಿ ಅಂದೆ. ಅದಕ್ಕೇನಂತೆ ಅಂದಳು ಅವಳು.

ಹೊರಗಡೆಯಿಂದ ಎಂದರೆ ಬಿಸಿಲಿನಲ್ಲಿ. ಪಡುವಣ ಗೋಡೆಗೆ ಹನ್ನೆರಡರಿಂದ ಐದರವರೆಗೆ ಬೆಂಕಿ. ಅವಳು ಸಿಮೆಂಟ್ ತೊಟ್ಟಿಯಿಂದ ಕೊಡ ತುಂಬಿ, ಗೋಣಿಗೆ ಎರಚಿ, ಮತ್ತೆ ತೊಟ್ಟಿಗೆ ಹೋಗಿ, ಅರ್ಧ ಗಂಟೆಗೊಂದು ಸುತ್ತು. ಮಾಯಮ್ಮಜ್ಜಿ ಆ ಗೋಡೆಯ ಕಿಟಕಿಯ ಪಕ್ಕಕ್ಕೇ ಚಾಪೆ ಹಾಕಿಸಿಕೊಂಡಿದ್ದಳು. ಗೋಣಿಯ ಆಚೆ ಅವಳು, ಈಚೆ ಇವಳು, ಇಬ್ಬರೂ ಇಡೀ ದಿನ ಮಾತು. ಗೋಣಿ ಸಂದಿಯಿಂದ ಎಲೆಅಡಿಕೆ ಆಚೆಗೆ ಹೋಗುತ್ತಿತ್ತು. ಇವರಿಗೆ ಅಷ್ಟೊಂದು ಮಾತು ಎಲ್ಲಿಂದ ಬರುತ್ತದಪ್ಪಾ ಎಂದು ನಾನು ರೇಗುತ್ತಿದ್ದೆ. ವರಲಕ್ಷ್ಮಮ್ಮನ ವಯಸ್ಸೆಷ್ಟು ಎಂದು ನಾನು ಕೇಳಲಿಲ್ಲ. ಎಪ್ಪತ್ತರ ಹತ್ತಿರ ಇತ್ತಂತೆ.

ದಿನಗಳು ಉರುಳಿದವು. ಪೇಪರಿನಲ್ಲಿ ಬಿಸಿಲಿಗೆ ಸತ್ತವರ ಸುದ್ದಿ ದಿನವೂ ಬರುತ್ತಿತ್ತು. ಪಕ್ಕದೂರಿನಲ್ಲಿ ಒಂದೇ ವಾರ ನಾಲ್ಕು ಜನ. ತಮಟೆ ಸದ್ದು ಕೇಳಿದಾಗೆಲ್ಲ ನಾನು ಓಡಿಹೋಗಿ ಒಂಬತ್ತು ತಲೆ ಎಣಿಸುತ್ತಿದ್ದೆ. ಒಂಬತ್ತೂ ಇರುತ್ತಿದ್ದವು. ಇರುವುದಷ್ಟೇ ಅಲ್ಲ, ಮೈ ಕೈ ತುಂಬಿಕೊಳ್ಳುತ್ತಿದ್ದವು. ರಾಮಲಿಂಗಯ್ಯ ತಾತ ಮೀಸೆಗೆ ಎಣ್ಣೆ ಹಚ್ಚತೊಡಗಿದರು. ಯಮ ನಮ್ಮೂರಿಗೆ ಬಂದರೆ ಕಾಲು ತೊಳೆಸಿ ಮಜ್ಜಿಗೆ ಕುಡಿಸಿ ಕಳಿಸುತ್ತೇನೆ ಎಂದು ನಾನು ಜಂಭ ಕೊಚ್ಚಿಕೊಂಡೆ.

ಇಪ್ಪತ್ತೈದನೇ ತಾರೀಖು. ಮಾರನೇ ದಿನ ಅರಿಶಿನ, ಅದರ ಮಾರನೇ ದಿನ ಚಪ್ಪರ, ಅದರ ಮಾರನೇ ದಿನ ಧಾರೆ. ಆ ದಿನ ಎಲೆ ಅಲ್ಲಾಡಲಿಲ್ಲ. ಕರೆಂಟು ಹೋಗಿ ಫ್ಯಾನು ನಿಂತಿತು. ಎರಡು ಗಂಟೆಯ ಹೊತ್ತಿಗೆ ರಾಮಲಿಂಗಯ್ಯ ತಾತನಿಗೆ ಕಣ್ಣು ಕತ್ತಲೆ ಬಂತು. ನಾನು ಎದ್ದುಬಿದ್ದು ಓಡಿದೆ. ಒದ್ದೆ ಬಟ್ಟೆ ಹಾಕು, ಉಪ್ಪು ಸಕ್ಕರೆ ನೀರು ಕುಡಿಸು, ಬೀಸಣಿಗೆ ಬೀಸು. ಆಗಲೇ ವರಲಕ್ಷ್ಮಮ್ಮ ಬಾಗಿಲ ಹತ್ತಿರ ಬಂದು ನಿಂತಳು. ಹೊಸಿಲು ದಾಟಲಿಲ್ಲ.

"ಅವ್ವಾ, ಒಸಿ ತಲೆ ಸುತ್ತಂಗಾಯ್ತದೆ. ಮನೆಗೋಯ್ತೀನಿ" ಅಂದಳು.

"ಗೋಣಿ ಒಣಗ್ತಾ ಅವೆ ಕಣಮ್ಮ. ಇದೊಂದು ಸುತ್ತು ನೀರಾಕ್ಬುಟ್ಟು ಓಗು" ಅಂದೆ. ತಿರುಗಿಯೂ ನೋಡಲಿಲ್ಲ.

ಅವಳು ಒಂದು ಸುತ್ತು ಹಾಕಿದಳು. ಗೋಣಿಯಿಂದ ತಣ್ಣನೆ ಗಾಳಿ ಬಂತು, ತಾತ ಕಣ್ಣು ಬಿಟ್ಟು ನನ್ನನ್ನು ಬೈದರು, ನಾನು ಸಂತೋಷಕ್ಕೆ ಅಲ್ಲೇ ಕುಣಿದೆ. ನಿಜವಾಗಿಯೂ ಕುಣಿದೆ. ಮುದುಕಿಯರೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆ ಆರಕ್ಕೆ ಮುನೇಶ ಬಂದ. ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಇದ್ದ. ಅಪ್ಪ ಹುಳುಮನೆಯ ಪಡುವಣ ಗೋಡೆಯ ಹತ್ತಿರ ಚಪ್ಪರದ ಗಳು ಎಣಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಅವ್ವ ಕೇರಿಯ ಮೂಲೆಯಲ್ಲಿ ಬಿದ್ದಿದ್ದಳು, ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ದಾರಿಯಲ್ಲೇ ಹೋದಳು ಎಂದು ಹೇಳಿದ. ಅಳಲಿಲ್ಲ. ಅವ್ವ ಬೆಳಿಗ್ಗೆ ತಂದಿದ್ದ ಬುತ್ತಿ ಡಬ್ಬಿ ಇಲ್ಲೇ ಇದೆಯಾ ಎಂದು ಕೇಳಿದ.

ಆಗ ನನ್ನ ಬಾಯಿಂದ ಮೊದಲು ಬಂದ ಮಾತನ್ನು ನಾನು ಹಾಗೇ ಹೇಳಬೇಕು. ಅಯ್ಯೋ ಅನ್ನಲಿಲ್ಲ. ಹೇಗಾಯಿತು ಅನ್ನಲಿಲ್ಲ.

"ಅಪ್ಪಾ, ನಮಗೆ ಸೂತಕ ಬತ್ತದಾ?" ಅಂದೆ.

"ನಮಗ್ಯಾಕೆ ಬತ್ತದೆ? ಅವ್ರೇನು ನಮ್ಮ ದಾಯಾದಿಗಳಾ?" ಅಂದರು ಅಪ್ಪ.

ನಾನು ನಕ್ಕೆ. ನಗು ತಾನೇ ಹೊರಬಂತು, ತಡೆಯುವಷ್ಟರಲ್ಲಿ ಬಂದಾಗಿತ್ತು. ಮುನೇಶ ನನ್ನ ಮುಖ ನೋಡಿದ. ಡಬ್ಬಿ ಎತ್ತಿಕೊಂಡು ಹೋದ.

ಮುದುಕರಿಗೆ ಹೇಳುವುದು ಬೇಡ ಎಂದು ನಾನೇ ತೀರ್ಮಾನ ಮಾಡಿದೆ. ಸುದ್ದಿ ಕೇಳಿ ಯಾರದಾದರೂ ಎದೆ ಒಡೆದರೆ? ವರಲಕ್ಷ್ಮಮ್ಮ ಚನ್ನಪಟ್ಟಣಕ್ಕೆ ಮಗಳು ಧನಲಕ್ಷ್ಮಿ ಮನೆಗೆ ಹೋಗಿದ್ದಾಳೆ ಅಂದೆ. ಎಲ್ಲರೂ ನಂಬಿದರು. ಉಳಿದ ದಿನ ಗೋಣಿಗೆ ನಾನೇ ನೀರು ಹಾಕಿದೆ, ಮೂರು ಸುತ್ತಿಗೆ ಕಣ್ಣ ಮುಂದೆ ಮಿಂಚುಹುಳ ಹಾರಿದವು. ಅವರ ಕೇರಿಗೆ ಹೋಗಲು ಮನಸ್ಸಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೈಗೆ ಅರಿಶಿನ ಬಿದ್ದ ಮೇಲೆ ಮದುವಣಗಿತ್ತಿ ಸಾವಿನ ಮನೆ ಕಡೆ ತಲೆಯಿಟ್ಟೂ ಮಲಗಬಾರದು ಅನ್ನುತ್ತಾರೆ. ಅಪ್ಪನ ಕೈಲಿ ಅಕ್ಕಿ ಬೇಳೆ ಕಳಿಸಿದೆ. ಮುನೇಶ ಇಸಿದುಕೊಳ್ಳಲಿಲ್ಲವಂತೆ.

ಇಪ್ಪತ್ತಾರರ ಬೆಳಿಗ್ಗೆ ಮಾಯಮ್ಮಜ್ಜಿ ಯಾರನ್ನೂ ಕೇಳದೆ ತೊಟ್ಟಿಯ ಹತ್ತಿರ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡಿದ್ದಳು. ನೆಗಡಿ ಆಗಿ ಸತ್ತುಗಿತ್ತೀಯ ಎಂದು ನಾನು ಬೈದು ತಲೆ ಒರೆಸಿದೆ. ಅವತ್ತಿನಿಂದ ಚೌಕಾಬಾರಕ್ಕೆ ಕೂರಲಿಲ್ಲ, ಪದ ಹೇಳಲಿಲ್ಲ. ಮೊಮ್ಮಗಳು ಹೋಗುತ್ತಾಳೆ ಅಂತ ಸಂಕಟ ಇರಬೇಕು ಎಂದು ನಾನೇ ಉಬ್ಬಿದೆ.

ಇಪ್ಪತ್ತೆಂಟಕ್ಕೆ ಕನಕಪುರದ ಛತ್ರದಲ್ಲಿ ಮದುವೆ ಜೋರಾಗಿಯೇ ನಡೆಯಿತು. ಒಂಬತ್ತು ತಲೆಗಳನ್ನು ಒದ್ದೆ ಟವೆಲು ಸುತ್ತಿ ಟೆಂಪೋದಲ್ಲಿ ಕರೆದುಕೊಂಡು ಬಂದರು. ಟೆಂಪೋ ಇಳಿಯುವಾಗ ಛತ್ರದ ತುಂಬ ಶಿಳ್ಳೆ. ಪಂಚೆಯ ಸೋದರಮಾವನೇ ಬಂದು ರಾಮಲಿಂಗಯ್ಯ ತಾತನ ಕೈ ಹಿಡಿದು ಇಳಿಸಿಕೊಂಡರು. ತಾಳಿ ಕಟ್ಟುವಾಗ ಜಯಕುಮಾರ್ ಗಂಟು ತಪ್ಪಿ ಮತ್ತೆ ಹಾಕಿದರು, ನಾನು ಮೆಲ್ಲಗೆ ಕಿಸಕ್ಕೆಂದೆ, ಅವರಿಗೂ ನಗು ಬಂತು. ಧಾರೆಯಾದ ಮೇಲೆ ಎಂಟು ಜನ ಹಿರಿಯರು ಸಾಲಾಗಿ ಬಂದು ಅಕ್ಷತೆ ಹಾಕಿದರು, ರಾಮಲಿಂಗಯ್ಯ ತಾತ ಎರಡು ಸಲ ಹಾಕಿದರು. ಮಾಯಮ್ಮಜ್ಜಿ ಬರಲಿಲ್ಲ. ಹೊರಗೆ ಹೊಂಗೆಮರದ ನೆರಳಿನಲ್ಲಿ ಒಬ್ಬಳೇ ಕೂತಿದ್ದಾಳೆ ಎಂದು ಅಮ್ಮ ಹೇಳಿದಳು. ಎಷ್ಟು ಕರೆದರೂ ಏಳುತ್ತಿಲ್ಲವಂತೆ. ಈ ಮುದುಕಿಯ ಹಟ ನನಗೆ ಗೊತ್ತಿಲ್ಲವೇ ಎಂದು ಬಾಸಿಂಗ ಕಟ್ಟಿಕೊಂಡೇ ಜಯಕುಮಾರ್ ಜೊತೆ ಹೊರಗೆ ಹೋದೆ.

ಇಬ್ಬರೂ ಬಗ್ಗಿ ಕಾಲು ಮುಟ್ಟಲು ಹೋದೆವು. ಅಜ್ಜಿ ಕಾಲನ್ನು ಸರ್ರನೆ ಸೀರೆಯೊಳಗೆ ಎಳೆದುಕೊಂಡಳು.

"ಮುಟ್ಬ್ಯಾಡ ಕಣ್ಮಗಾ. ನಂಗೆ ಸೂತಕ" ಅಂದಳು.

ನಾನು ಅಲ್ಲೇ ಮಂಡಿಯೂರಿ ಕೂತುಬಿಟ್ಟೆ.

"ಗ್ವಾಡೆ ಪಕ್ದಲ್ಲೇ ಮನಗಿದ್ದೆ. ನೀನು ಕೇಳಿದ್ದೂ ಕೇಳುಸ್ತು, ನಕ್ಕಿದ್ದೂ ಕೇಳುಸ್ತು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಿನ್ ಮದ್ವೆ ಕೆಡಬಾರ್ದು ಅಂತ ಯಾರ್ಗೂ ಏಳ್ನಿಲ್ಲ. ನಂದು ನಾನು ಮಾಡ್ಕೋತೀನಿ, ಅನ್ನೊಂದು ದಿನ. ಆಮೇಕೆ ಬತ್ತೀನಿ, ಅಕ್ಸತೆ ಆಕ್ತೀನಿ. ಈಗ ಓಗು, ಜನ ಕಾಯ್ತಾವ್ರೆ."

ಅವಳು ಛತ್ರದಲ್ಲಿ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಎದ್ದೆ. ಒಳಗೆ ವಾಲಗ ಜೋರಾಗಿತ್ತು, ಊಟದ ಪಂಕ್ತಿಗೆ ನಮ್ಮನ್ನು ಕರೆಯುತ್ತಿದ್ದರು. ಬಾಗಿಲ ಹತ್ತಿರ ಜಯಕುಮಾರ್ ಮೆಲ್ಲಗೆ, ಯಾರು ಹೋದದ್ದು ಎಂದು ಕೇಳಿದರು.

"ವರಲಕ್ಷ್ಮಮ್ಮ" ಅಂದೆ.

"ಅವರು ನಿಮಗೇನಾಗಬೇಕು?" ಅಂದರು.

ಹೊಸಬರು ಕೇಳುವ ಮಾತೇ ಅದು, ತಪ್ಪೇನಿಲ್ಲ. ಏಳು ಮನೆಯ ಸಂಬಂಧವನ್ನು ಒಂದೇ ಉಸಿರಿಗೆ ಹೇಳಬಲ್ಲವಳು ನಾನು. ಅವರು ಇನ್ನೊಂದು ಸಲ ಕೇಳಿದರು. ನಾನು ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಪಂಕ್ತಿಯಲ್ಲಿ ಹೋಗಿ ಕೂತೆ.